ಇಪ್ಪತ್ತೆರಡು ಮಂತ್ರಿಗಳ ಹಂಗೇರಿಯನ್

ನಮ್ಮ ಯಜಮಾನರಿಗೆ ಖಾಲಿ ಜಾಗ ಕಂಡರೆ ಆಗದು. ಬಸ್ಸಿನಲ್ಲಿ ಒಂದು ಸೀಟು ಖಾಲಿಯಿದ್ದರೆ ಹಿಂದೆ ನಿಂತವರನ್ನು ಕೂಗಿ ಕರೆದು ಕೂರಿಸುತ್ತಾರೆ. ತಟ್ಟೆಯಲ್ಲಿ ಒಂದು ಮೂಲೆ ಬರಿದಾಗಿದ್ದರೆ ಹಸಿವಿಲ್ಲದಿದ್ದರೂ ಬಡಿಸಿಕೊಳ್ಳುತ್ತಾರೆ. ಈ ಸ್ವಭಾವ ಹುಟ್ಟಿನಿಂದ ಬಂದದ್ದೋ ಕಚೇರಿಯಿಂದ ಬಂದದ್ದೋ ಹೇಳಲಾರೆ. ಇಪ್ಪತ್ತಾರು ವರ್ಷಗಳಿಂದ ಅವರು ಸಚಿವಾಲಯದ ದಾಖಲೆ ವಿಭಾಗದಲ್ಲಿ ಗುಮಾಸ್ತರು. ಅಲ್ಲಿ ರಿಜಿಸ್ಟರಿನ ಯಾವ ಖಾನೆಯೂ ಖಾಲಿ ಇರಕೂಡದು. ಒಂದೇ ಒಂದು ಖಾನೆ ಖಾಲಿ ಕಂಡರೂ ಮೇಲಿನವರು ಇಡೀ ರಿಜಿಸ್ಟರನ್ನು ವಾಪಸು ಕಳಿಸುತ್ತಾರೆ. ನಮ್ಮವರ ರಿಜಿಸ್ಟರು ಈವರೆಗೆ ಒಮ್ಮೆಯೂ ವಾಪಸು ಬಂದಿಲ್ಲ. ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸುವ ಹಾಗೆ ಅವರು ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ನೀರಿನ ಮೀಟರು ನೋಡಲು ಬಂದವನಿಗೂ ಹೇಳಿದ್ದಾರೆ.

ಆ ಬುಧವಾರ ಬೆಳಿಗ್ಗೆ ಕೆಳಗಿನ ಮನೆಯ ಟೀಚರಮ್ಮ ಪತ್ರಿಕೆ ಬೀಸುತ್ತಾ ಮೆಟ್ಟಿಲೇರಿ ಬಂದರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ನಾವೆಲ್ಲ ನೆಟ್ಟಗೆ ಕೂರುತ್ತೇವೆ.

"ಓದಿದ್ರಾ? ನಮ್ಮ ಮಂತ್ರಿಮಂಡಲದ ಇಪ್ಪತ್ತೆರಡು ಜನಕ್ಕೂ ಹಂಗೇರಿಯನ್ ಭಾಷೆ ಬರುತ್ತಂತೆ! ಒಬ್ಬರಿಗಲ್ಲ, ಇಬ್ಬರಿಗಲ್ಲ. ಇಂಥ ಸರ್ಕಾರ ಪ್ರಪಂಚದಲ್ಲೇ ಇಲ್ವಂತೆ."

"ಮೀನುಗಾರಿಕೆ ಮಂತ್ರಿಗೂ ಬರುತ್ತಂತಾ?" ಎಂದೆ. ಆ ಮಹಾನುಭಾವರು ಪ್ರಮಾಣವಚನ ಓದುವಾಗ ನಮ್ಮ ಭಾಷೆಯಲ್ಲೇ ಮೂರು ಕಡೆ ಮುಗ್ಗರಿಸಿದ್ದನ್ನು ನಾನು ಟಿ.ವಿ.ಯಲ್ಲಿ ನೋಡಿದ್ದೆ.

"ಇಪ್ಪತ್ತೆರಡೂ ಅಂದ್ಮೇಲೆ ಅವರೂ ಬಂದ್ರಲ್ಲಮ್ಮಾ. ಎಣಿಸೋಕೆ ಬರಲ್ವಾ?"

ನಮ್ಮತ್ತೆ ಮಗನ ಕಡೆ ತಿರುಗಿದರು. "ನಾಚಿಕೆ ಆಗ್ಬೇಕು ಕಣೋ ನಿನಗೆ. ಅವರು ದೇಶ ನೋಡಿಕೊಳ್ತಾ ಇಷ್ಟೆಲ್ಲ ಕಲಿತಿದ್ದಾರೆ. ನೀನು ಬಟ್ಟೆ ಒಗೆಯೋ ಮೆಷಿನ್ ಹಾಕೋದನ್ನೂ ಕಲೀಲಿಲ್ಲ."

ನಮ್ಮವರು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, "ಪತ್ರಿಕೆಯವರು ನಮ್ಮ ರಿಜಿಸ್ಟರಿನಿಂದಲೇ ತಗೊಂಡಿರ್ತಾರೆ," ಎಂದು ಹೆಮ್ಮೆಯಿಂದ ಹೇಳಿದರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದೇನೆಂದರೆ, ಅವರು ಹೆಮ್ಮೆಯಿಂದ ಹೇಳಿದ್ದನ್ನು ಕೂಡಲೇ ವಿಚಾರಿಸಬೇಕು.

"ರೀ, ಆ ರಿಜಿಸ್ಟರ್ ತುಂಬಿದ್ದು ಯಾರು?"

"ನಾನೇ. ಹೊಸ ಮಂತ್ರಿಗಳ ವಿವರ. ಹದಿನಾಲ್ಕು ಖಾನೆ, ಇಪ್ಪತ್ತೆರಡು ಸಾಲು. ಹುಡುಕಿದ್ರೂ ಒಂದು ಖಾಲಿ ಸಿಗಲ್ಲ."

ಪೆನ್ಸಿಲು ಕೊಟ್ಟು, ಪತ್ರಿಕೆಯ ಅಂಚಿನಲ್ಲಿ ಆ ಪುಟವನ್ನು ಬರೆದು ತೋರಿಸಲು ಹೇಳಿದೆ. ಅವರು ಉತ್ಸಾಹದಿಂದ ಬರೆದರು. ವಯಸ್ಸಿನ ಪ್ರಕಾರ ಮೊದಲ ಸಾಲು ಸಂಸ್ಕೃತಿ ಮಂತ್ರಿಗಳದು. ಅವರು ಹಿಂದೆ ಹಂಗೇರಿಯಲ್ಲಿ ಹನ್ನೆರಡು ವರ್ಷ ರಾಯಭಾರಿಯಾಗಿದ್ದವರು. 'ಬಲ್ಲ ವಿದೇಶಿ ಭಾಷೆ' ಎಂಬ ಖಾನೆಯಲ್ಲಿ 'ಹಂಗೇರಿಯನ್' ಎಂದಿತ್ತು. ಅದರ ಕೆಳಗೆ ಎರಡು ಪುಟ್ಟ ಗೀಟು. ಅದರ ಕೆಳಗೆ ಮತ್ತೆ ಎರಡು ಪುಟ್ಟ ಗೀಟು. ಪತ್ರಿಕೆಯ ಅಂಚು ಮುಗಿಯುವವರೆಗೂ ಗೀಟುಗಳೇ.

"ಇದೇನ್ರೀ ಇದು?"

"ಡಿಟ್ಟೊ. ಮೇಲಿನಂತೆಯೇ ಅಂತ ಅರ್ಥ."

"ಅದು ಗೊತ್ತು. ಇಲ್ಲಿ ಯಾಕೆ ಹಾಕಿದ್ರಿ?"

"ಮತ್ತೇನು ಹಾಕ್ಲಿ? ಇಪ್ಪತ್ತೊಂದು ಜನ ಫಾರಮ್ಮಿನಲ್ಲಿ ಆ ಖಾನೆ ಖಾಲಿ ಬಿಟ್ಟು ಕಳಿಸಿದ್ರು. ಖಾಲಿ ಬಿಡೋ ಹಾಗಿಲ್ಲ. 'ಬರುವುದಿಲ್ಲ' ಅಂತ ಬರೆಯೋಣ ಅಂದ್ರೆ, ನಾನೊಬ್ಬ ಗುಮಾಸ್ತ, ಮಂತ್ರಿಗಳ ಹೆಸರಿನ ಮುಂದೆ ಇವರಿಗೆ ಇಂಥದ್ದು ಬರಲ್ಲ ಅಂತ ಬರೆಯೋಕಾಗುತ್ತಾ? ಪೆನ್ನು ಏಳಬೇಕಲ್ಲ! ಹಿಂದಿನ ಖಾನೆಯಲ್ಲಿ 'ವಿವಾಹಿತ', ಡಿಟ್ಟೊ, ಡಿಟ್ಟೊ ಅಂತ ಬಂದಿತ್ತು. ಕೈ ಅದೇ ಲಯದಲ್ಲಿತ್ತು. ಹಾಗೇ ಮುಂದುವರಿಸಿದೆ."

ಮುಂದಿನ ಕೆಲಸವನ್ನು ಅವರ ವಿಭಾಗದ ಟೈಪಿಸ್ಟ್ ಮಾಡಿದ್ದಳು. ಅವಳು ಶ್ರದ್ಧಾವಂತೆ. ಅಚ್ಚಾಗುವ ಪುಸ್ತಕದಲ್ಲಿ ಗೀಟು ಚೆನ್ನಾಗಿ ಕಾಣುವುದಿಲ್ಲವೆಂದು ಇಪ್ಪತ್ತೊಂದು ಕಡೆಯೂ 'ಹಂಗೇರಿಯನ್' ಎಂದು ಪೂರ್ತಿಯಾಗಿ ಟೈಪು ಮಾಡಿದ್ದಳು. ಆ ಪುಸ್ತಕ ಚಿನ್ನದ ಬಣ್ಣದ ಅಂಚಿನೊಂದಿಗೆ ಎಲ್ಲ ಪತ್ರಿಕೆಗಳಿಗೂ ಎಲ್ಲ ದೇಶಗಳ ರಾಯಭಾರ ಕಚೇರಿಗಳಿಗೂ ಹೋಗಿತ್ತು.

ಟೀಚರಮ್ಮ ತಪ್ಪು ಲೆಕ್ಕ ನೋಡುವಂತೆ ನಮ್ಮವರನ್ನು ನೋಡಿದರು. ನಾನು ಮನೆಯನ್ನು ನೋಡಿದೆ. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೆ ಒಂದು ಕಿಟಕಿ. ಇದು ಸರ್ಕಾರ ಕೊಟ್ಟ ಮನೆ. ನೌಕರಿ ಇರುವ ತನಕ ಬಾಗಿಲ ಮೇಲೆ ನಮ್ಮವರ ಹೆಸರು, ಆಮೇಲೆ ಇನ್ನೊಬ್ಬರದು.

"ಯಾಕೆ ಮುಖ ಸಣ್ಣ ಮಾಡ್ಕೊಂಡೆ? ಏನೂ ಆಗಲ್ಲ," ಎಂದು ನಮ್ಮವರು ಕೈ ತೊಳೆಯಲು ಎದ್ದರು. "ಸಂಜೆಯೊಳಗೆ ಮಂತ್ರಿಗಳೇ ನಮಗೆ ಬರಲ್ಲ ಅಂತ ಹೇಳಿಬಿಡ್ತಾರೆ. ಬರದೇ ಇರೋದನ್ನ ಬರುತ್ತೆ ಅಂತ ಯಾರಾದ್ರೂ ಒಪ್ಪಿಕೊಳ್ತಾರಾ?"

ಇಪ್ಪತ್ತಾರು ವರ್ಷ ಸಚಿವಾಲಯದಲ್ಲಿದ್ದೂ ಅವರು ಇಂಥ ಪ್ರಶ್ನೆ ಕೇಳಬಲ್ಲವರಾಗಿದ್ದರು.

ಸಂಜೆ ನಾವೆಲ್ಲ ಟಿ.ವಿ. ಮುಂದೆ ಕೂತೆವು. ಟೀಚರಮ್ಮ ತಮ್ಮ ಟಿ.ವಿ. ಬಿಟ್ಟು ನಮ್ಮದನ್ನು ನೋಡಲು ಬಂದರು. ಮೀನುಗಾರಿಕೆ ಮಂತ್ರಿಗಳನ್ನು ವರದಿಗಾರ್ತಿಯೊಬ್ಬಳು, "ಹಂಗೇರಿಯನ್‌ನಲ್ಲಿ ಒಂದು ವಾಕ್ಯ ಹೇಳ್ತೀರಾ ಸಾರ್?" ಎಂದು ಕೇಳಿದಳು. ಮಂತ್ರಿಗಳು ಎದೆಯ ಮೇಲೆ ಕೈಯಿಟ್ಟರು.

"ನೋಡಮ್ಮಾ, ನನಗೆ ಮೊದಲು ನನ್ನ ಜನ, ಆಮೇಲೆ ಹಂಗೇರಿ. ಈ ನೆಲದಲ್ಲಿ ನಿಂತು ಪರಭಾಷೆ ಆಡಲ್ಲ ಅಂತ ನಾನು ಶಪಥ ಮಾಡಿದ್ದೀನಿ. ಎಷ್ಟೇ ಕಷ್ಟ ಆದ್ರೂ ತಡ್ಕೊಂಡಿದ್ದೀನಿ."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆರೋಗ್ಯ ಮಂತ್ರಿಗಳಂತೂ, ತಾವು ದಿನವಿಡೀ ಹಂಗೇರಿಯನ್‌ನಲ್ಲೇ ಯೋಚಿಸಿ ಬಾಯಿ ತೆರೆಯುವಾಗ ಮಾತ್ರ ನಮ್ಮ ಭಾಷೆಗೆ ತಿರುಗಿಸಿಕೊಳ್ಳುವುದಾಗಿ ಹೇಳಿದರು. ಅವರು ಅಷ್ಟು ತಡೆದು ತಡೆದು ಮಾತಾಡುವುದಕ್ಕೆ ಕಾರಣ ಇದೇ ಎಂದು ದೇಶಕ್ಕೆ ಆಗ ಗೊತ್ತಾಯಿತು. ವಿರೋಧ ಪಕ್ಷದ ನಾಯಕರು, "ನಮ್ಮ ಪಕ್ಷದಲ್ಲಿ ಇದಕ್ಕಿಂತ ಕಷ್ಟದ ಭಾಷೆ ಬರುವವರಿದ್ದಾರೆ. ಯಾವ ಭಾಷೆ ಅಂತ ಚುನಾವಣೆ ಸಮಯಕ್ಕೆ ಹೇಳ್ತೀವಿ," ಎಂದು ಗುಡುಗಿದರು. ಸಂಸ್ಕೃತಿ ಮಂತ್ರಿಗಳೊಬ್ಬರು ಮಾತ್ರ ಏನೂ ಹೇಳಲಿಲ್ಲ. ಅವರಿಗೆ ಸೊಂಟ ಹಿಡಿದುಕೊಂಡಿದೆಯೆಂದೂ ಸಂಪುಟ ಸಭೆಗಳಿಗೆ ಬರುವುದಿಲ್ಲವೆಂದೂ ಸುದ್ದಿಯ ಕೊನೆಯಲ್ಲಿ ಓದಿದರು.

"ಒಪ್ಪಿಕೊಂಡ್ರಲ್ರೀ!" ಎಂದೆ.

"ಹಾಗಾದ್ರೆ ನಿಜವಾಗ್ಲೂ ಬರುತ್ತೋ ಏನೋ," ಎಂದರು ನಮ್ಮವರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. "ನೋಡಿದೆಯಾ, ರಿಜಿಸ್ಟರ್ ತಪ್ಪಲ್ಲ."

ಎರಡು ವಾರ ಹೀಗೇ ಕಳೆಯಿತು. ನಮ್ಮತ್ತೆ ತರಕಾರಿ ಅಂಗಡಿಯಲ್ಲಿ, "ನನ್ನ ಮಗ ಎರಡು ಗೀಟು ಎಳೆದ, ಮಂತ್ರಿಗಳಿಗೆ ವಿದ್ಯೆ ಬಂತು," ಎಂದು ಹೇಳತೊಡಗಿದ್ದನ್ನು ನಾನು ತುಂಬ ಕಷ್ಟಪಟ್ಟು ನಿಲ್ಲಿಸಿದೆ. ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಕಿಟಕಿಯ ಪರದೆ ಸರಿಸಿ ನೋಡುವುದು ನನಗೆ ಅಭ್ಯಾಸವಾಯಿತು.

ಮೂರನೆಯ ಶುಕ್ರವಾರ ನಿಂತದ್ದು ಕಾರಲ್ಲ, ಸ್ಕೂಟರು. ಅದರಿಂದ ಇಳಿದವರು ದಾಖಲೆ ವಿಭಾಗದ ಸೂಪರಿಂಟೆಂಡೆಂಟರು. ಎಂದೂ ನಮ್ಮ ಮನೆಗೆ ಬಂದವರಲ್ಲ. ಮೂರು ಅಂತಸ್ತು ಹತ್ತಿ ಬಂದು ಕತ್ತು ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದರು.

"ಮುಳುಗಿದೆ ಕಣಯ್ಯಾ! ಹಂಗೇರಿಯಿಂದ ಕಾಗದ ಬಂದಿದೆ. ಅವರ ಸಂಸತ್ತಿನ ಇಪ್ಪತ್ತೆರಡು ಜನ ಮಂಗಳವಾರ ಬರ್ತಾರಂತೆ. 'ನಿಮ್ಮ ಮಂತ್ರಿಗಳಿಗೆಲ್ಲ ನಮ್ಮ ಭಾಷೆ ಬರೋದು ಕೇಳಿ ಕಣ್ಣಲ್ಲಿ ನೀರು ಬಂತು, ಹಾಗಾಗಿ ದುಭಾಷಿಗಳನ್ನ ಊರಲ್ಲೇ ಬಿಟ್ಟು ಬರ್ತೀವಿ, ಒಬ್ಬೊಬ್ಬರ ಎದುರಿಗೆ ಒಬ್ಬೊಬ್ಬರು ಕೂತು ಒಂದು ಗಂಟೆ ಮನಸ್ಸು ಬಿಚ್ಚಿ ಮಾತಾಡೋಣ' ಅಂತ ಬರೆದಿದ್ದಾರೆ. ಟಿ.ವಿ.ಯಲ್ಲಿ ನೇರ ಪ್ರಸಾರ!"

"ಒಳ್ಳೇದೇ ಆಯ್ತಲ್ಲ ಸಾರ್," ಎಂದರು ನಮ್ಮವರು.

"ಒಳ್ಳೇದಾ? ಕಾರ್ಯದರ್ಶಿಗಳು ರಿಜಿಸ್ಟರ್ ತರಿಸಿ ನೋಡಿದ್ರು. ನಿನ್ನ ಡಿಟ್ಟೊ ನೋಡಿ ಅದನ್ನ ನನ್ನ ಕಡೆಗೇ ಎಸೆದ್ರು. ಸೋಮವಾರ ಹತ್ತು ಗಂಟೆಗೆ ರಿಜಿಸ್ಟರ್ ಸರಿಯಾಗಿ ಅವರ ಮೇಜಿನ ಮೇಲಿರಬೇಕು. ಇಲ್ದಿದ್ರೆ ನಿನ್ನನ್ನ ಮನೆಗೆ ಕಳಿಸ್ತಾರೆ."

"ಮನೇಲೇ ಇದ್ದಾನಲ್ಲ," ಎಂದರು ನಮ್ಮತ್ತೆ.

"ಈ ಮನೆಯೂ ಇರಲ್ಲಮ್ಮಾ!"

ಅತ್ತೆ ತಾವು ಕೂತಿದ್ದ ಮಂಚವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅದಕ್ಕೇನು, ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಬರುವುದಿಲ್ಲ' ಅಂತ ಬರೆದ್ರಾಯ್ತಲ್ಲ?" ಎಂದೆ ನಾನು. ನಮ್ಮವರೂ ಸೂಪರಿಂಟೆಂಡೆಂಟರೂ ನನ್ನನ್ನು ಕೊಲೆಗಾರ್ತಿಯನ್ನು ನೋಡುವಂತೆ ನೋಡಿದರು. ಆಮೇಲೆ ಸೂಪರಿಂಟೆಂಡೆಂಟರೇ ತಾಳ್ಮೆಯಿಂದ ತಿಳಿಸಿಕೊಟ್ಟರು. ರಿಜಿಸ್ಟರಿನಲ್ಲಿ ಯಾರ ಸಾಲಿನಲ್ಲಿ ಒಂದಕ್ಷರ ತಿದ್ದಿದರೂ ಆ ಸಾಲಿನವರೇ ಪಕ್ಕದಲ್ಲಿ ಸಹಿ ಹಾಕಬೇಕು. ಸಹಿಯಿಲ್ಲದ ತಿದ್ದುಪಡಿ ಅಪರಾಧ. ಅಂದರೆ, 'ನನಗೆ ಬರುವುದಿಲ್ಲ' ಎಂದು ಮಂತ್ರಿಗಳೇ ಸಹಿ ಮಾಡಿ ಕೊಡಬೇಕು. ಇಪ್ಪತ್ತೊಂದು ಮಂತ್ರಿಗಳು. ಎರಡು ದಿನ.

"ಅಷ್ಟೇ ತಾನೇ? ಆಗುತ್ತೆ ಬಿಡಿ," ಎಂದರು ನಮ್ಮವರು.

ಶನಿವಾರ ಬೆಳಿಗ್ಗೆ, ಸೂಪರಿಂಟೆಂಡೆಂಟರು ಬಿಟ್ಟುಹೋಗಿದ್ದ ರಿಜಿಸ್ಟರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಾನೂ ಜೊತೆಗೆ ಹೊರಟೆ. ಅವರೊಬ್ಬರನ್ನೇ ಕಳಿಸಿದ್ದರೆ ಚೀಲವನ್ನು ಬಸ್ಸಿನಲ್ಲಿ ಬಿಡುತ್ತಿದ್ದರು, ಇಲ್ಲವೇ ಒಂದು ಮಾತು ಆಡಬೇಕಾದಲ್ಲಿ ಹತ್ತು ಆಡುತ್ತಿದ್ದರು. ಮಂತ್ರಿಗಳೆಲ್ಲ ಒಂದೇ ಬಡಾವಣೆಯಲ್ಲಿರುವುದು ದೇಶಕ್ಕೆ ಒಳ್ಳೆಯದೋ ಕೆಟ್ಟದ್ದೋ, ನಮ್ಮ ಕಾಲಿಗಂತೂ ಒಳ್ಳೆಯದಾಯಿತು.

ಮೀನುಗಾರಿಕೆ ಮಂತ್ರಿಗಳು ಕಿವಿಗೆ ಏನೋ ಸಿಕ್ಕಿಸಿಕೊಂಡು ತೋಟದಲ್ಲಿ ಓಡಾಡುತ್ತಿದ್ದರು. ನಮ್ಮನ್ನು ಕಂಡು, "ಯೋ ನಪೋತ್!" ಎಂದರು.

"ಏನಂದ್ರಿ ಸಾರ್?" ಎಂದು ನಮ್ಮವರು ಕೇಳಿದರು.

"ಏನೋ ಒಂದು. ಒಳ್ಳೇದೇ. ನಿನ್ನೆಯಿಂದ ಹಂಗೇರಿಯನ್ ಪಾಠ ಕೇಳ್ತಿದ್ದೀನಿ, ಇಷ್ಟು ಬಂದಿದೆ."

ನಮ್ಮವರು ರಿಜಿಸ್ಟರು ತೆರೆದು ಸಹಿ ಹಾಕಬೇಕಾದ ಜಾಗ ತೋರಿಸಿದರು. ಮಂತ್ರಿಗಳ ಮುಖ ಕೆಂಪಾಯಿತು.

"ಯಾರಾದ್ರೂ ಹಾಕಿದ್ದಾರೇನಯ್ಯಾ?"

"ನಿಮ್ಮಿಂದಲೇ ಶುರು ಸಾರ್."

"ಸರಿಹೋಯ್ತು! ಇಡೀ ಮಂತ್ರಿಮಂಡಲಕ್ಕೆ ಬರುತ್ತೆ, ಈ ದಡ್ಡನಿಗೆ ಮಾತ್ರ ಬರಲ್ಲ ಅಂತ ನಾನೇ ಬರೆದುಕೊಡಲಾ? ಮೊನ್ನೆ ಲಿಫ್ಟಲ್ಲಿ ಆರೋಗ್ಯದವರು ನನ್ನ ಪಕ್ಕದಲ್ಲಿ ನಿಂತು ಏನೋ ಗೊಣಗಿದ್ರು. ಹಂಗೇರಿಯನ್ನೇ. ಸುಮ್ನೆ ನಿಂತ್ರೆ ಮರ್ಯಾದೆ ಹೋಗುತ್ತಲ್ಲ ಅಂತ ನಾನೂ ಗೊಣಗಿದೆ. ನನ್ನ ಪಾಡು ನನಗೆ ಗೊತ್ತು. ಮಿಕ್ಕವರೆಲ್ಲ ಹಾಕಿದ ಮೇಲೆ ಬಾ, ಹೋಗು."

ಆರೋಗ್ಯ ಮಂತ್ರಿಗಳು ನಮ್ಮನ್ನು ಒಳಗೆ ಕರೆದು ಕೂರಿಸಿದರು. ಬಾಗಿಲು ಹಾಕಿಸಿದರು. ನನ್ನ ಕಡೆ ಬಾಗಿ, "ನೀವು ಹೆಂಗಸು, ನಿಮ್ಮ ಹತ್ರ ಹೇಳ್ತೀನಿ. ನನಗೆ ಬರಲ್ಲ. ಆದ್ರೆ ಸಹಿ ಹಾಕಲ್ಲ. ಆ ಮೀನುಗಾರಿಕೆಯವರು ಲಿಫ್ಟಲ್ಲಿ ಎಷ್ಟು ಸರಾಗವಾಗಿ ಮಾತಾಡಿದ್ರು ಗೊತ್ತಾ? ನನಗೆ ಬರೀ ಗಂಟಲು ಕೆರೆದಿತ್ತಮ್ಮಾ, ಅದಕ್ಕೇ ಅವರು ಉತ್ತರ ಕೊಟ್ಟುಬಿಟ್ರು! ಅಂಥವರ ಎದುರಿಗೆ ನಾನು ಬರಲ್ಲ ಅಂತ ಒಪ್ಪಿಕೊಳ್ಳಲಾ?" ಎಂದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ಬಾಗಿಲು ಮುಗಿದವು. ಒಂದು ಸಹಿಯೂ ಆಗಲಿಲ್ಲ. ಕೃಷಿ ಮಂತ್ರಿಗಳು, ಮೊದಲು ಬರುತ್ತಿತ್ತು, ಈಗ ಮರೆತಿದ್ದೇನೆ ಎಂದರು. ರೈಲ್ವೆಯವರು, ಕೇಳಿದರೆ ಅರ್ಥವಾಗುತ್ತದೆ, ಆದರೆ ಜೋರಾಗಿ ಹೇಳಬಾರದು ಎಂದರು. ಎಲ್ಲರ ಕೊನೆಯ ಮಾತೂ ಒಂದೇ: ಮೊದಲು ಬೇರೆಯವರು ಹಾಕಲಿ.

ಬಸ್ ನಿಲ್ದಾಣದ ಕಡೆ ನಡೆಯುತ್ತಾ ನಾನು ಮನಸ್ಸಿನಲ್ಲೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ನಮ್ಮವರು ತಟ್ಟನೆ ನಿಂತರು.

"ಸಂಸ್ಕೃತಿ ಮಂತ್ರಿಗಳ ಮನೆ ಬಿಟ್ಟುಹೋಯ್ತಲ್ಲೇ."

"ಅವರಿಗೆ ಬರುತ್ತಲ್ರೀ. ಅವರ ಸಹಿ ಯಾಕೆ?"

"ಆದ್ರೂ ಇಪ್ಪತ್ತೆರಡು ಮನೆಯಲ್ಲಿ ಒಂದನ್ನ ಖಾಲಿ ಬಿಡೋದಾ?" ಎಂದು ಅವರು ವಾಪಸು ತಿರುಗಿದರು. ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಸಂಸ್ಕೃತಿ ಮಂತ್ರಿಗಳು ಮಂಚದ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ನಮ್ಮವರು, "ದಾಖಲೆ ವಿಭಾಗದಿಂದ ಬಂದಿದ್ದೀವಿ ಸಾರ್, ಹಂಗೇರಿಯನ್ ವಿಷಯ..." ಎನ್ನುವಷ್ಟರಲ್ಲಿ ಎದ್ದು ಕೂತರು. ಹಿಡಿದುಕೊಂಡಿದ್ದ ಸೊಂಟ ಅಷ್ಟು ಚುರುಕಾಗಿ ಬಿಟ್ಟುಕೊಂಡದ್ದನ್ನು ನಾನು ಗಮನಿಸದೆ ಇರಲಿಲ್ಲ.

"ಯಾರು ಹೇಳಿದ್ದು ನಿಮಗೆ?" ಎಂದರು.

"ಏನು ಸಾರ್?"

"ನನಗೆ ಬರಲ್ಲ ಅಂತ."

ನಮ್ಮವರು ಬಾಯಿ ತೆರೆದರು. ನಾನು ಅವರ ತೋಳು ಚಿವುಟಿದೆ. ಮಂತ್ರಿಗಳು ತಾವಾಗಿಯೇ ಮುಂದುವರಿಸಿದರು.

"ಹನ್ನೆರಡು ವರ್ಷ ಇದ್ದೆ ಕಣಪ್ಪಾ. ಕಾರಿನ ಡ್ರೈವರಿಗೆ ನಮ್ಮ ಭಾಷೆ ಬರ್ತಿತ್ತು, ಅದೇ ಅನಾಹುತ ಆಗಿದ್ದು. ಅಂಗಡಿಗೆ ಹೋದ್ರೂ ಅವನೇ, ಅರಮನೆಗೆ ಹೋದ್ರೂ ಅವನೇ. ನಾನು ಬರೀ ತಲೆ ಅಲ್ಲಾಡಿಸಿದೆ, ಹನ್ನೆರಡು ವರ್ಷ. ನಿಮ್ಮ ಫಾರಮ್ಮು ಬಂದಾಗ, ಅಷ್ಟು ವರ್ಷ ಇದ್ದು ಬಂದವನು ಬರಲ್ಲ ಅಂತ ಹೇಗೆ ಬರೀಲಿ? ಪರೀಕ್ಷೆ ಮಾಡೋಕೆ ಇಲ್ಲಿ ಯಾರಿಗೆ ಬರುತ್ತೆ ಅಂತ ಧೈರ್ಯವಾಗಿ ಬರೆದೆ. ಆ ಬುಧವಾರ ಪೇಪರ್ ತೆಗೆದು ನೋಡಿದ್ರೆ ಮಿಕ್ಕ ಇಪ್ಪತ್ತೊಂದು ಜನಕ್ಕೂ ಬರುತ್ತೆ! ಯಾವ ಮುಖ ಇಟ್ಟುಕೊಂಡು ಸಭೆಗೆ ಹೋಗ್ಲಿ? ಆ ದಿನ ಮಲಗಿದವನು ಇನ್ನೂ ಎದ್ದಿಲ್ಲ."

"ಅವರ್ಯಾರಿಗೂ ಬರಲ್ಲ ಸಾರ್," ಎಂದರು ನಮ್ಮವರು. "ಅದು ಬರೀ ಡಿಟ್ಟೊ."

ಮಂತ್ರಿಗಳು ರಿಜಿಸ್ಟರನ್ನು ತೊಡೆಯ ಮೇಲೆಳೆದುಕೊಂಡು ಗೀಟುಗಳ ಸಾಲನ್ನು ಮೇಲಿಂದ ಕೆಳಗೆ ನೋಡಿದರು. ಮೊದಲು ಅವರ ಹೆಗಲು ಅಲುಗಿತು, ಆಮೇಲೆ ಮಂಚ ಅಲುಗಿತು. ನಗು ನಿಲ್ಲುವ ಹೊತ್ತಿಗೆ ಅವರು ನಿಜವಾಗಿಯೂ ಸೊಂಟ ಹಿಡಿದುಕೊಂಡಿದ್ದರು.

"ಮಂಗಳವಾರ ಬರ್ತಿರೋ ನಿಯೋಗದ ಮುಖ್ಯಸ್ಥೆ ನನ್ನನ್ನ ಚೆನ್ನಾಗಿ ಬಲ್ಲರು. ನಾನು ತಲೆ ಅಲ್ಲಾಡಿಸಿದ್ರೆ ಸಾಕು, ನಕ್ಕುಬಿಡ್ತಾರೆ. ಅದಕ್ಕಿಂತ ಇದೇ ಮೇಲು. ಕೊಡಿ ಪೆನ್ನು."

ನಮ್ಮವರು ಕೆಂಪು ಶಾಯಿಯಲ್ಲಿ 'ಹಂಗೇರಿಯನ್' ಎಂಬುದನ್ನು ಅಡ್ಡ ಹೊಡೆದು, ಮೇಲೆ 'ಯಾವುದೂ ಬರುವುದಿಲ್ಲ' ಎಂದು ಬರೆದರು. ಮಂತ್ರಿಯೊಬ್ಬರ ಹೆಸರಿನ ಮುಂದೆ ಅಂಥ ಮಾತು ಬರೆಯುವಾಗ ಅವರ ಕೈ ಎರಡು ಸಲ ನಿಂತಿತು. ಮಂತ್ರಿಗಳು ಪಕ್ಕದಲ್ಲಿ ದೊಡ್ಡದಾಗಿ ಸಹಿ ಹಾಕಿದರು.

ಬಸ್ಸಿನಲ್ಲಿ ನನಗೆ ಅಳು ಬರುವಂತಾಗಿತ್ತು. ಭಾಷೆ ಬರುತ್ತದೆ ಎಂದು ನಾವು ನಂಬಿದ್ದ ಒಬ್ಬರೂ ಹೋದರು, ಬಾರದ ಇಪ್ಪತ್ತೊಂದು ಜನ ಹಾಗೇ ಉಳಿದರು. ಆ ಒಂದು ಸಹಿಯನ್ನಾದರೂ ನೋಡೋಣವೆಂದು ರಿಜಿಸ್ಟರು ತೆರೆದೆ. ಕೆಂಪು ಅಕ್ಷರ ಓದಿದೆ. ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ಅದರ ಕೆಳಗಿನದಕ್ಕೆ. ಅದರ ಕೆಳಗಿನದಕ್ಕೆ.

"ರೀ, ಈ ಗೀಟಿಗೆ ಏನರ್ಥ ಅಂದ್ರಿ?"

"ಮೇಲಿನಂತೆಯೇ ಅಂತ. ಎಷ್ಟು ಸಲ ಹೇಳ್ಬೇಕೇ ನಿನಗೆ?"

"ಮೇಲೆ ಈಗ ಏನಿದೆ?"

ಅವರು ಓದಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ಓದಿದರು. ಆಮೇಲೆ ತುಂಬಿದ ಬಸ್ಸಿನಲ್ಲಿ ಎದ್ದು ನಿಂತು, "ಒಂದೂ ಖಾಲಿ ಇಲ್ಲ!" ಎಂದು ಕೂಗಿದರು. ಸೀಟಿಗಾಗಿ ಹೇಳಿದರೆಂದು ತಿಳಿದ ಕಂಡಕ್ಟರು, ಗೊತ್ತಿದೆ, ಕೂತ್ಕೊಳ್ಳಿ ಎಂದ.

ಸೋಮವಾರ ಹತ್ತಕ್ಕೆ ಕಾರ್ಯದರ್ಶಿಗಳು ಭೂತಗನ್ನಡಿ ಹಿಡಿದು ಪುಟ ನೋಡಿದರಂತೆ. ತಿದ್ದುಪಡಿ ಒಂದು, ಅದಕ್ಕೆ ಸಹಿ ಒಂದು. ನಿಯಮದ ಪ್ರಕಾರ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಟೈಪಿಸ್ಟ್ ಎಂದಿನ ಶ್ರದ್ಧೆಯಿಂದ ಇಪ್ಪತ್ತೆರಡು ಕಡೆ 'ಯಾವುದೂ ಬರುವುದಿಲ್ಲ' ಎಂದು ಟೈಪು ಮಾಡಿದಳು. ಹೊಸ ಪುಸ್ತಕ ಸಂಜೆಯೊಳಗೆ ಹೋಗಬೇಕಾದಲ್ಲಿಗೆಲ್ಲ ಹೋಯಿತು. ಮಂಗಳವಾರ ನಿಯೋಗದವರು ದುಭಾಷಿಗಳ ಜೊತೆಯಲ್ಲೇ ಬಂದಿಳಿದರು. ಬಾಗಿಲ ಮೇಲಿನ ಹೆಸರನ್ನು ನಾನು ಒದ್ದೆ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಮಾಡಿದೆ.

ಬುಧವಾರ ನಮ್ಮವರು ಕನ್ನಡಕ ಮರೆತು ಹೋಗಿದ್ದರು. ಕೊಟ್ಟು ಬರೋಣವೆಂದು ಕಚೇರಿಗೆ ಹೋದೆ. ಅಷ್ಟರಲ್ಲಿ ಮೀನುಗಾರಿಕೆ ಮಂತ್ರಿಗಳು ಹೊಸ ಪುಸ್ತಕ ಹಿಡಿದು ದಾಖಲೆ ವಿಭಾಗಕ್ಕೆ ನುಗ್ಗಿದರು. ಸೂಪರಿಂಟೆಂಡೆಂಟರು ಕಪಾಟಿನ ಹಿಂದೆ ಸರಿದರು.

"ಯಾರಯ್ಯಾ ನನ್ನ ಭಾಷೆ ಕಿತ್ತುಕೊಂಡಿದ್ದು? ನಾನು ಸಹಿ ಹಾಕಿಲ್ಲ! ಸಹಿ ಇಲ್ದೆ ನನ್ನ ಸಾಲು ತಿದ್ದೋಕೆ ಎಷ್ಟು ಧೈರ್ಯ? ಈಗಲೇ ನಿನ್ನ ಕೆಲಸ ತೆಗೆಸ್ತೀನಿ!"

ನಮ್ಮವರು ಮಾತ್ರ ಅವಸರವಿಲ್ಲದೆ ನನ್ನ ಕೈಯಿಂದ ಕನ್ನಡಕ ತೆಗೆದು ಹಾಕಿಕೊಂಡು, ರಿಜಿಸ್ಟರು ತೆರೆದು, ಮಂತ್ರಿಗಳ ಸಾಲಿನ ಮೇಲೆ ಬೆರಳಿಟ್ಟರು.

"ನೀವೇ ನೋಡಿ ಸಾರ್. ನಿಮ್ಮ ಸಾಲಲ್ಲಿ ಕೆಂಪು ಶಾಯಿ ಬಿದ್ದಿದೆಯಾ? ಒಂದು ಚುಕ್ಕೆ ಅಳಿಸಿದ್ದೀನಾ? ಅವತ್ತು ಏನು ಬರೆದಿದ್ನೋ ಇವತ್ತೂ ಅದೇ ಇದೆ. ಇಪ್ಪತ್ತಾರು ವರ್ಷದಲ್ಲಿ ನಾನು ಸಹಿ ಇಲ್ದೆ ಯಾರದನ್ನೂ ಮುಟ್ಟಿದವನಲ್ಲ."

ಮಂತ್ರಿಗಳು ಬಾಗಿ, ಎರಡು ಪುಟ್ಟ ಗೀಟುಗಳನ್ನು ಬಹಳ ಹೊತ್ತು ನೋಡಿದರು. ಉಗುರಿನಿಂದ ಕೆರೆದು ಪರೀಕ್ಷಿಸಿದರು. ಹಳೆಯ ಶಾಯಿಯೇ. ಅವರ ಸಿಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಹೌದಲ್ಲಯ್ಯಾ, ನನ್ನದನ್ನ ಮುಟ್ಟಿಲ್ಲ," ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಯಾರ ಕಿವಿಗೂ ಬೀಳದಂತೆ ದನಿ ತಗ್ಗಿಸಿ ಕೇಳಿದರು:

"ಆರೋಗ್ಯದವರದ್ದು ಏನಾಯ್ತು?"

"ಡಿಟ್ಟೊ, ಸಾರ್," ಎಂದರು ನಮ್ಮವರು.

ಮಂತ್ರಿಗಳ ಮುಖ ಅರಳಿತು. ನಮ್ಮವರ ಬೆನ್ನು ತಟ್ಟಿ, "ಯೋ ನಪೋತ್!" ಎಂದು ಹೇಳಿ ಹೊರಟುಹೋದರು.